ಕೊಂಬೆ ಇಳಿಸೋಕೆ ಬುಡಕ್ಕೆ ಹಗ್ಗ ಸುತ್ತೋದಾ, ಪೋರ್ಟಾರ್ಯಾಪಾ, ವಿಂಚಾ?

ಹೆಂಚಿನ ಮೇಲೆ ಬಾಗಿರೋ ಹಲಸಿನ ಮರ ತೆಗೀಬೇಕು, ಮೂರರಲ್ಲಿ ಯಾವ್ದು ಅಂತ ಕೇಳಿದ್ರಲ್ಲ, ಖರ್ಚಿಂದಲೇ ಶುರು ಮಾಡೋಣ. ಮೂರರಲ್ಲೂ ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ರಾಟೆ ದಾಟಿ ಬುಡಕ್ಕೆ ಬರುತ್ತೆ, ಅಲ್ಲಿ ಸುತ್ತಿನ ಹಿಡಿತದಲ್ಲೇ ಭಾರ ತಡೆದು ನಿಧಾನಕ್ಕೆ ಇಳಿಸೋದು. ಬುಡಕ್ಕೇ ಎರಡ್ಮೂರು ಸುತ್ತು ಹಾಕೋದಕ್ಕೆ ಕಾಸಿಲ್ಲ, ಆದ್ರೆ ಹಿಡಿತ ಮರದಿಂದ ಮರಕ್ಕೆ ಬೇರೆ, ಒರಟು ತೊಗಟೇಲಿ ಹಗ್ಗ ಕಚ್ಕೊಂಡು ನಿಂತ್ಬಿಡುತ್ತೆ, ನೆಂದ ನೀಲಗಿರೀಲಿ ಜಾರುತ್ತೆ, ಹಲಸಾದ್ರೆ ಮೇಣ ಬೇರೆ ಅಂಟುತ್ತೆ. ಪೋರ್ಟಾರ್ಯಾಪ್ ಅಂದ್ರೆ ಬುಡಕ್ಕೆ ಸ್ಲಿಂಗಲ್ಲಿ ಕಟ್ಟೋ ನುಣುಪಾದ ಲೋಹದ ಕೊಳವೆ, ದುಡ್ಡು ಬೀಳುತ್ತೆ, ಆದ್ರೆ ಹಿಡಿತ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಥರ, ತೂಕ ನೋಡ್ಕೊಂಡು ಸುತ್ತು ಹೆಚ್ಚು ಕಮ್ಮಿ ಮಾಡ್ಬೋದು. ವಿಂಚ್ (ಹಿಡಿಕೆ ತಿರುಗಿಸಿ ಹಗ್ಗ ಎಳೆಯೋ ಸಾಧನ) ಇರೋ ಡ್ರಮ್ ದುಬಾರಿ, ಭಾರ, ಕಟ್ಟೋಕೂ ಟೈಮ್ ಬೇಕು.

ಹಗ್ಗದ ಬಾಳಿಕೆ ಮುಖ್ಯ. ತೊಗಟೆ ಅದನ್ನ ಬೇಗ ತಿನ್ನುತ್ತೆ. ಅಂಗಡೀಲಿ ಸಿಗೋ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿಗೇ ಕರಗುತ್ತೆ, ಕೊಂಬೆ ಜೋರಾಗಿ ಇಳಿದು ಹಗ್ಗ ಉಜ್ಜಿ ಬಿಸಿಯಾದ್ರೆ ಲೋಹದ ಮೇಲೂ ಅಪಾಯನೇ, ಪಾಲಿಯೆಸ್ಟರ್ ತಗೊಳ್ಳಿ.

ಇನ್ನೊಂದು, ಯಾವ್ದೇ ಆದ್ರೂ ಮೇಲಿನ ರಾಟೆ ಕಟ್ಟಿದ ಜಾಗಕ್ಕೆ ಕೊಂಬೆ ತೂಕದ ಹತ್ತತ್ರ ಎರಡು ಪಟ್ಟು ಬೀಳುತ್ತೆ, ಬಿದ್ದು ಜಗ್ಗಿದ್ರೆ ಇನ್ನೂ ಜಾಸ್ತಿ. ಮರ ಒಳಗೆ ಟೊಳ್ಳಾಗಿದ್ರೆ ಇವೆಲ್ಲ ಬೇಡ, ಕ್ರೇನ್ ಕರೀರಿ.

ಒಂದೇ ಮರ, ಸಣ್ಣ ಕೊಂಬೆ, ಕೆಳಗೆ ಅನುಭವಸ್ಥ ಇದ್ರೆ ಬುಡದ ಸುತ್ತೇ ಸಾಕು. ಮರಗಸಿ (ತೋಟದ ಮರಗಳ ಕೊಂಬೆ ಕಡಿಯೋ) ಗುತ್ತಿಗೆ ಥರ ದಿನಾ ಕೆಲಸ ಇದ್ರೆ ಪೋರ್ಟಾರ್ಯಾಪ್. ಕೊಂಬೇನ ಮೊದ್ಲು ಮೇಲಕ್ಕೆತ್ತಿ ಹೆಂಚು ದಾಟಿಸ್ಬೇಕು ಅಂದ್ರೆ ವಿಂಚೇ ಬೇಕು, ಉಳಿದೆರಡೂ ಇಳಿಸ್ತವೆ ಅಷ್ಟೆ, ಎತ್ತಲ್ಲ. ಹಗ್ಗ ಮಾತ್ರ ಕೈಗೆ ಸುತ್ಕೋಬೇಡಿ ಮಾರಾಯ್ರೆ.