ಟಾಮ್ ಜೋನ್ಸ್ ಭಜನೆಗೆ ಕೂತರೆ

ಹಾಸನದಲ್ಲಿ 30 ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಅಂಗಡಿ. ಹಾಡುವವರ ಉಸಿರು, ಕೆಮ್ಮು, ತಬಲಾದವನಿಗೆ ಮೆಲ್ಲಗೆ ಬೈಯುವುದು, ಎಲ್ಲವೂ ಮಿಕ್ಸರ್ ಹತ್ತಿರ ಕೂತವನಿಗೇ ಮೊದಲು ಕೇಳುವುದು.

ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡಿಗೆ ಶಿಳ್ಳೆ ಹೊಡೆಸಿಕೊಳ್ಳುತ್ತಿದ್ದ ಆರ್ಕೆಸ್ಟ್ರಾ ಗಾಯಕರೊಬ್ಬರು ವಯಸ್ಸಾದ ಮೇಲೆ ತತ್ವಪದಕ್ಕೆ ಬಂದರು. ಕಾವಿ ಶಾಲು, ರುದ್ರಾಕ್ಷಿ, ಹೊಸ ತಂಬೂರಿ. ಕೂತು ಕಣ್ಣು ಮುಚ್ಚಿದರು. ಆಮೇಲೆ ಒಂದೇ ಕಣ್ಣು ಬಿಟ್ಟು ನನ್ನ ಕಡೆ ನೋಡಿ, "ಎಕೋ ಸ್ವಲ್ಪ ಜಾಸ್ತಿ ಕೊಡಪ್ಪಾ" ಅಂದರು. ಕೊಟ್ಟೆ. ಆದರೆ ಅವತ್ತಿಂದ, ಹಳೇ ಗಾಯಕರು ಬೇರಿಗೆ ಮರಳಿದರು ಅಂತ ಯಾರಾದರೂ ಹೇಳಿದರೆ ನನ್ನ ಕೈ ಎಕೋ ಗುಂಡಿಯ ಮೇಲೇ ಇರುತ್ತದೆ.

ಹಾಗಾಗಿ ಮಗಳು ಬ್ರಿಟನ್ನಿನ ವೇಲ್ಸ್‌ನ ಪಾಪ್ ಗಾಯಕ ಟಾಮ್ ಜೋನ್ಸ್ ಅವರ 'ಪ್ರೇಸ್ ಅಂಡ್ ಬ್ಲೇಮ್' ಕೇಳಿಸಿದಾಗ ಅನುಮಾನದಿಂದಲೇ ಕೂತೆ. 2010ರ ಆಲ್ಬಮ್, 11 ಹಾಡು. 1965ರಿಂದ ಹಿಟ್ ಕೊಟ್ಟ ಮನುಷ್ಯ. ಹೆಂಗಸರು ವೇದಿಕೆಗೆ ಒಳಉಡುಪು ಎಸೆಯುತ್ತಿದ್ದರಂತೆ! ನಮ್ಮ ಆರ್ಕೆಸ್ಟ್ರಾದವರಿಗೆ ಹತ್ತು ರೂಪಾಯಿ ನೋಟು ಬಿದ್ದರೇ ಪುಣ್ಯ. ಆ ಮನುಷ್ಯ 70 ತುಂಬಿದ ವರ್ಷ ಗಾಸ್ಪೆಲ್, ಬ್ಲೂಸ್ ಹಿಡಿದು ಬಂದರು, ಅಂದರೆ ಅಮೆರಿಕದ ಕರಿಯರ ಚರ್ಚ್ ಹಾಡು, ನೋವಿನ ಹಾಡು. ಅಷ್ಟೊತ್ತಿಗೆ ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದರು. ಅವರ ಆಲ್ಬಮ್ ಹೊರತರುವ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರು, ದುಡ್ಡು ಸುರಿದಿದ್ದು ಪ್ರಾರ್ಥನೆ ಪುಸ್ತಕಕ್ಕಾ ಅನ್ನುವ ಅರ್ಥದಲ್ಲಿ ಬರೆದ ಇಮೇಲ್ ಪತ್ರಿಕೆಯವರ ಕೈಗೆ ಸಿಕ್ಕಿ ರಂಪವಾಯಿತು. ಕೊನೆಗೆ ಆ ಭಜನೆಯೇ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು.

ಮೊದಲ ಹಾಡು 'ವಾಟ್ ಗುಡ್ ಆಮ್ ಐ'. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಬರೆದದ್ದು. ಕಷ್ಟ ಕಂಡೂ ಮುಖ ತಿರುಗಿಸಿಕೊಂಡು ಹೋದರೆ ನಾನಿದ್ದು ಏನು ಬಂತು ಅಂತ ತನ್ನನ್ನೇ ಕೇಳಿಕೊಳ್ಳುವ ಹಾಡು. ಡ್ರಮ್ ದೂರದಲ್ಲೆಲ್ಲೋ ಗುದ್ದಿದ ಹಾಗೆ ನಿಧಾನಕ್ಕೆ ಬೀಳುತ್ತದೆ. ದನಿ ಮಾತ್ರ ಮೈಕಿಗೆ ನಾಲ್ಕು ಬೆರಳು ದೂರದಲ್ಲಿ. ಅಷ್ಟು ಹತ್ತಿರ ಬಂದರೆ ನಮ್ಮ ಕಡೆ ಗಾಯಕರು ಗಂಟಲು ಬಿಟ್ಟು ಕಿವಿ ಹರಿಯುತ್ತಾರೆ. ಇವರು ಎತ್ತುವುದೇ ಇಲ್ಲ. ಎತ್ತಲಾರದ ಗಂಟಲಲ್ಲ, ಅದು ಗೊತ್ತಾಗುತ್ತದೆ. ಎತ್ತಬಲ್ಲವನು ಸುಮ್ನಿರುವಾಗ ಉಸಿರಿಗೆ ಬೇರೆ ತೂಕ ಇರುತ್ತದೆ. ಎಕೋ? ಇದ್ದರೂ ಅದು ಕೋಣೆಯದ್ದು, ಗುಂಡಿಯದ್ದಲ್ಲ. ನಿರ್ಮಾಪಕ ಈಥನ್ ಜಾನ್ಸ್ ಎಲ್ಲರನ್ನೂ ಒಟ್ಟಿಗೆ ಕೂರಿಸಿ ನುಡಿಸಿದ್ದಾರೆ, ಭಜನೆ ಮನೆಯಲ್ಲಿ ಕೂತ ಹಾಗೆ.

ಎಲ್ಲವೂ ಹೀಗಿಲ್ಲ. 'ಬರ್ನಿಂಗ್ ಹೆಲ್'ನಲ್ಲಿ ಗಿಟಾರನ್ನು ಬೇಕಂತಲೇ ಒರಟು ಮಾಡಿದ್ದಾರೆ. ಹೊಸ ಹಿತ್ತಾಳೆ ಚೊಂಬು ಅಜ್ಜಿ ಕಾಲದ್ದು ಅನ್ನಿಸಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕದೇ ಬಿಟ್ಟಂತೆ. ನನಗೆ ಹಿಡಿಸಲಿಲ್ಲ. ಮಗಳಿಗೆ ಅದೇ ಇಷ್ಟ.

ಅಮೆರಿಕದ ಕರಿಯರ ಹಾಡು ವೇಲ್ಸ್‌ನವನಿಗೆ ಬೇರು ಹೇಗಾಗುತ್ತದೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅವರು ಕಲ್ಲಿದ್ದಲು ಗಣಿ ಕೆಲಸಗಾರನ ಮಗ. 12ನೇ ವಯಸ್ಸಿಗೆ ಕ್ಷಯ ಬಂದು ಸುಮಾರು ಎರಡು ವರ್ಷ ಹಾಸಿಗೆ ಹಿಡಿದಿದ್ದ ಹುಡುಗ. ಹೊರಗೆ ಹೋಗುವ ಹಾಗಿಲ್ಲದವನಿಗೆ ರೇಡಿಯೋದಲ್ಲಿ ಬಂದದ್ದೇ ಊರು, ಅಲ್ವಾ? ನಮ್ಮಪ್ಪ ಹಿಂದಿ ಬಾರದೆಯೂ ಸಿಲೋನ್ ರೇಡಿಯೋ ಹಾಡುಗಳನ್ನು ಸಾಯುವವರೆಗೂ ಗುನುಗುತ್ತಿದ್ದರು.

ನಾನು ಪೂರ್ತಿ ನಂಬಿದ್ದು ಮಾತ್ರ ಕೊನೆಯ ಹಾಡು 'ರನ್ ಆನ್'ನಲ್ಲಿ. ಹತ್ತು ಹಾಡು ಹೇಗೋ ತಡೆದುಕೊಂಡು ಬಂದ ಮನುಷ್ಯ ಅಲ್ಲಿ ಮೈಮರೆತು ಹಳೇ ಗತ್ತಿನಲ್ಲಿ ಗದರಿಸುತ್ತಾರೆ. ಪಕ್ಕಾ ಸ್ಟೇಜಿನ ಮನುಷ್ಯ. ಅದನ್ನೂ ಅಡಗಿಸಿ ಸಾಧುವಿನ ಹಾಗೆ ಕೂತಿದ್ದರೆ ನನಗೆ ಆ ಕಾವಿ ಶಾಲೇ ನೆನಪಾಗುತ್ತಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಆ ಡ್ರಮ್ ತಗಡು ಬಡಿದ ಹಾಗಿರುತ್ತದೆ. ನಾನೀಗ ಸೌಂಡ್ ಚೆಕ್‌ಗೆ ಮೊದಲ ಹಾಡನ್ನೇ ಹಾಕುತ್ತೇನೆ, ಬೇಸ್ ಎಲ್ಲಿ ಗುಂಯ್ ಅನ್ನುತ್ತದೆ ಅಂತ ತಕ್ಷಣ ತಿಳಿಯುತ್ತದೆ. ಮೊನ್ನೆ ಒಂದು ಛತ್ರದಲ್ಲಿ ಹಾಕಿದಾಗ ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಏನಣ್ಣಾ, ಮದುವೆ ಮನೇಲಿ ಯಾರಿಗೆ ಏನಾಯ್ತು?"