ಹಾಲಿನಂಥ ಡ್ರಿಪ್ ಮತ್ತು ಸಕ್ಕರೆಯ ಲೆಕ್ಕ

ಏಳು ವರ್ಷದ ನನ್ನ ಮಗಳು ಈ ಆಸ್ಪತ್ರೆಯ ಮಕ್ಕಳ ಐಸಿಯುವಿನಲ್ಲಿ ಎಂಟು ದಿನ ಇದ್ದಳು. ಮಾತ್ರೆಗಳಿಗೆ ಬಗ್ಗದ ಮೂರ್ಛೆ ರೋಗಕ್ಕಾಗಿ ಎರಡು ವರ್ಷದಿಂದ ಅವಳು ಕೀಟೋ ಪಥ್ಯದಲ್ಲಿದ್ದಾಳೆ: ನಾಲ್ಕು ಗ್ರಾಂ ಕೊಬ್ಬಿಗೆ ಪ್ರೋಟೀನ್, ಪಿಷ್ಟ ಎರಡೂ ಸೇರಿ ಒಂದು ಗ್ರಾಂ. ಹೀಗೆ ಕೊಬ್ಬನ್ನೇ ಉರಿಸುವ ದೇಹದಲ್ಲಿ ಕೀಟೋನ್ ಎಂಬ ವಸ್ತು ಹುಟ್ಟುತ್ತದೆ, ಆ ಸ್ಥಿತಿಯಲ್ಲಿ ಫಿಟ್ಸ್ ಕಡಿಮೆ. ಸಕ್ಕರೆ ಹೆಚ್ಚಾದರೆ ಆ ಸ್ಥಿತಿ ಕೆಡುತ್ತದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ನಾನು ಮನೆಯಲ್ಲೂ ತಕ್ಕಡಿ ಬಿಟ್ಟು ಅಡುಗೆ ಮಾಡುವುದಿಲ್ಲ.

ಆಷಾಢದಲ್ಲಿ ಅವಳ ಅಪೆಂಡಿಕ್ಸ್ ಒಡೆಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ, ಪಥ್ಯದ ವಿಷಯ ನಾನು ಮೂರು ಸಲ ಹೇಳಿದರೂ, ರಾತ್ರಿ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರಿನ ಬಾಟಲಿ ತೂಗುಹಾಕಿದರು. ಆ ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ. ಅವಳಿಗೆ ಇಡೀ ದಿನಕ್ಕೂ ಅಷ್ಟು ಸಲ್ಲದು. ಬೆಳಗಾಗುವಷ್ಟರಲ್ಲಿ ಎರಡು ಬಾರಿ ಫಿಟ್ಸ್ ಬಂತು. ಆ ರಾತ್ರಿಯನ್ನು ನಾನು ಮರೆಯಲಾರೆ.

ಇಲ್ಲಿಗೆ ಬಂದು ಶಸ್ತ್ರಚಿಕಿತ್ಸೆಯಾದ ಮೇಲೆ ಕರುಳು ಸುಮ್ಮನಾಗಿಬಿಟ್ಟಿತು. ಬಾಯಿಗಾಗಲಿ ಮೂಗಿನ ನಳಿಕೆಗಾಗಲಿ ಏನೂ ಕೊಡುವಂತಿರಲಿಲ್ಲ. ಆಗ ಆಹಾರ ತಜ್ಞೆ ನನ್ನನ್ನು ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ರಕ್ತನಾಳಕ್ಕೆ ಹೋಗುವುದು ಸೋಯಾ ಎಣ್ಣೆಯನ್ನು ಮೊಟ್ಟೆಯ ಫಾಸ್ಫೊಲಿಪಿಡ್‌ನಿಂದ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಅಂಶ) ಕದಡಿದ, ಹಾಲಿನಂಥ ಬಿಳಿ ದ್ರವ. 100 ಮಿಲಿಲೀಟರಿನಲ್ಲಿ 20 ಗ್ರಾಂ ಕೊಬ್ಬು. ಜೊತೆಗೆ ಪ್ರೋಟೀನಿನ ಬದಲಿಗೆ ಅಮೈನೊ ಆಮ್ಲ. ಗ್ಲೂಕೋಸ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. "ಕೊಬ್ಬನ್ನು ಒಂದು ಮಿತಿಗಿಂತ ವೇಗವಾಗಿ ಹರಿಸುವಂತಿಲ್ಲ, ಆದ್ದರಿಂದ ಮನೆಯ ನಾಲ್ಕಕ್ಕೊಂದು ಇಲ್ಲಿ ಕೂಡಿಬರುವುದಿಲ್ಲ. ಈ ದ್ರವದಲ್ಲಿರುವ ಗ್ಲಿಸರಾಲ್ ದೇಹದಲ್ಲಿ ಸಕ್ಕರೆಯಾಗಬಲ್ಲದು, ಅದೂ ಲೆಕ್ಕಕ್ಕೆ ಬರುತ್ತದೆ ಅಮ್ಮಾ" ಎಂದರು. ಸುಳ್ಳು ಭರವಸೆ ಕೊಡದೆ ಇದ್ದದ್ದನ್ನು ಇದ್ದಂತೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಆರು ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ, ಕೀಟೋನ್ ಎರಡನ್ನೂ ನೋಡುತ್ತಿದ್ದರು. ದಿನಕ್ಕೊಮ್ಮೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ. ಮೂರನೆಯ ದಿನ ಅದು ಏರಿದಾಗ ಕೊಬ್ಬನ್ನು ಅರ್ಧಕ್ಕೆ ಇಳಿಸಿ, ಮರುದಿನ ಮತ್ತೆ ಮೆಲ್ಲನೆ ಏರಿಸಿದರು. ಆ್ಯಂಟಿಬಯಾಟಿಕ್ ಬೆರೆಸುವ ನೀರು ಕೂಡ ಉಪ್ಪಿನದೇ, ಡೆಕ್ಸ್‌ಟ್ರೋಸ್‌ನದಲ್ಲ. ಔಷಧಾಲಯದವರು ಪ್ರತಿ ಸೀಸೆಯ ಚೀಟಿ ಓದಿ ಸಹಿ ಹಾಕುತ್ತಿದ್ದರು. ಬಿಳಿ ಚೀಲ ಎಷ್ಟೋ ಕಡೆ ಸಿಗಬಹುದು. ಈ ಕಾವಲಿಗಾಗಿ ನಾನು ಮತ್ತೆ ಇಲ್ಲಿಗೇ ಬರುತ್ತೇನೆ.

ನಮ್ಮ ಅತ್ತೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಿಂದ ಕುಂಕುಮ, ಕಲ್ಲುಸಕ್ಕರೆ ತಂದಿದ್ದರು. ಸಿಸ್ಟರ್ ಒಬ್ಬರು ಅತ್ತೆಯ ಕೈ ಹಿಡಿದು, "ಅಜ್ಜಿ, ಕುಂಕುಮ ನೀವೇ ಹಚ್ಚಿ. ಕಲ್ಲುಸಕ್ಕರೆ ನಿಮ್ಮ ಸೆರಗಿನಲ್ಲಿರಲಿ, ಅವಳ ಪಾಲನ್ನೂ ನೀವೇ ತಿನ್ನಿ" ಎಂದರು. ಅತ್ತೆಗೆ ಬೇಸರವಾಗಲಿಲ್ಲ.

ಕೊರತೆಯೂ ಇತ್ತು. ಭಾನುವಾರ ಹೊಸ ಚೀಲ ನಾಲ್ಕು ಗಂಟೆ ತಡವಾಗಿ ಬಂತು. ಕೇಳಿದರೆ ರಜೆಯ ದಿನ ತಯಾರಿಸುವವರು ಒಬ್ಬರೇ ಎಂಬ ಉತ್ತರ. ಇಂಥ ಮಕ್ಕಳಿಗೆ ಭಾನುವಾರವೆಂಬುದಿಲ್ಲ, ದಯವಿಟ್ಟು ಇನ್ನೊಬ್ಬರನ್ನು ನೇಮಿಸಿ. ಬಿಲ್ಲಿನಲ್ಲಿ ಎಲ್ಲವನ್ನೂ "ಇತರೆ" ಎಂದು ಸೇರಿಸಿದ್ದರಿಂದ ವಿಮೆಯವರಿಗೆ ವಿವರ ಕೊಡಲು ನಾನು ಎರಡು ಬಾರಿ ಅಲೆದೆ.

ಏಳನೆಯ ದಿನ ಕರುಳಿಗೆ ಜೀವ ಬಂತು. ಫಿಟ್ಸ್ ಔಷಧಿಗೆ ಸಿಹಿ ಸಿರಪ್ಪಿನ ಬದಲು ಮಾತ್ರೆಯನ್ನೇ ಪುಡಿಮಾಡಿ ಕೊಟ್ಟರು. ಮೊದಲ ಊಟ ಎರಡು ಚಮಚ ಕೆನೆ, ತೂಕ ಹಾಕಿಯೇ. ಬಿಡುಗಡೆಯ ದಿನ ತಜ್ಞೆ ಬರೆದುಕೊಟ್ಟ "ಡೆಕ್ಸ್‌ಟ್ರೋಸ್ ಬೇಡ" ಎಂಬ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಅವಳ ಶಾಲೆಯ ಚೀಲದಲ್ಲಿ ಇಟ್ಟಿದ್ದೇನೆ.