ಕೈಪಂಪ್, ಬ್ಯಾಟರಿ ಪಂಪ್, ಬ್ಲೋವರ್: ಮೂರರಲ್ಲೂ ಔಷಧಿ ಹೊಡೆದ್ಮೇಲೆ ನನಗನ್ನಿಸಿದ್ದು

ನೇರವಾಗಿ ಹೇಳ್ಬಿಡ್ತೀನಿ, ನನಗೆ ಬ್ಯಾಟರಿ ಪಂಪೇ ಸರಿ. ಪೆಟ್ರೋಲ್ ಬ್ಲೋವರ್ (ಔಷಧಿನ ಮಂಜು ಮಾಡಿ ಗಾಳಿ ರಭಸದಲ್ಲಿ ಊದೋ ಮೆಷಿನ್) ತಗೊಂಡು ಬಜೆಟ್ಟೆಲ್ಲಾ ಅದಕ್ಕೇ ಸುರಿದಿದ್ದು ಈಗ್ಲೂ ಹೊಟ್ಟೆ ಉರಿಸುತ್ತೆ. ನಂದು ದಾಳಿಂಬೆ, ಸೀಬೆ, ಗಿಡಗಳು ತಲೆಗಿಂತ ಸ್ವಲ್ಪ ಎತ್ತರ, ಔಷಧಿ ಹೊಡೆಯೋದು ನಾನೊಬ್ನೇ.

ಕೈಪಂಪ್ ಕೆಡೋದು ಕಡಿಮೆ. ಆದ್ರೆ ತೋಳು ಸೋತಂಗೆ ಪ್ರೆಶರ್ ಇಳಿದು ಹನಿ ದಪ್ಪ ಆಗುತ್ತೆ, ದಪ್ಪ ಹನಿ ಎಲೆ ಮೇಲೆ ನಿಲ್ಲಲ್ಲ, ಜಾರಿ ನೆಲಕ್ಕೆ ಬೀಳುತ್ತೆ.

ಬ್ಲೋವರ್ ನೋಡೋಕೆ ಚೆಂದ. ಹನಿ 50ರಿಂದ 100 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್) ಅಷ್ಟು ಸಣ್ಣ, ಗಾಳಿ ರಭಸಕ್ಕೆ ಎಲೆ ಮಗುಚಿ ಒಳಗಿನ ಕೊಂಬೆವರೆಗೂ ಮಂಜು ಹೋಗುತ್ತೆ, ನೀರೂ ಅರ್ಧಕ್ಕಿಂತ ಕಡಿಮೆ ಸಾಕು. ನಾನು ಕೆಟ್ಟಿದ್ದು ಆ ನೀರಿನ ಲೆಕ್ಕದಲ್ಲೇ. ಕೈಪಂಪಿಗೆ ಲೀಟರಿಗೆ ಎಷ್ಟು ಹಾಕ್ತಿದ್ನೋ ಅಷ್ಟೇ ಹಾಕಿ ಹೊಡೆದೆ, ನೀರು ಕಡಿಮೆ ಹೋದಂಗೆ ಗಿಡಕ್ಕೆ ಬಿದ್ದ ಔಷಧಿನೂ ಕಡಿಮೆ ಆಯ್ತು. ವಾರ ಬಿಟ್ಟು ನೋಡಿದ್ರೆ ಕಾಯಿ ತೊಟ್ಟಿನ ಹತ್ರ ಹಿಟ್ಟುತಿಗಣೆ ಹಂಗೇ ಕೂತಿದೆ. ಅದರ ಮೈಮೇಲೆ ಮೇಣದ ಪುಡಿ ಇರುತ್ತಲ್ಲ, ಚೆನ್ನಾಗಿ ತೋಯ್ದ್ರೆ ಮಾತ್ರ ಔಷಧಿ ಒಳಗೆ ಇಳಿಯೋದು, ಬರೀ ಮಂಜಿಗೆ ಅದು ಜಗ್ಗಲ್ಲ.

ಮುಂದಿನ ಸಲ ಗಟ್ಟಿಯಾಗಿ ಕಲಸಿದೆ. ಅದು ಇನ್ನೂ ದೊಡ್ಡ ತಪ್ಪು, ಎಳೆ ಚಿಗುರಿನ ಅಂಚೆಲ್ಲಾ ಸುಟ್ಟು ಕಪ್ಪಾಯ್ತು. ಆಮೇಲೆ ಬರೀ ನೀರು ತುಂಬಿ ಹತ್ತು ಗಿಡಕ್ಕೆ ಎಷ್ಟು ಲೀಟರ್ ಹೋಗುತ್ತೆ ಅಂತ ಅಳೆದೆ. ಈ ಕೆಲಸ ಮೊದಲ ದಿನವೇ ಮಾಡ್ಬೇಕಿತ್ತು. ಕಡಿಮೆ ನೀರಲ್ಲಿ ಹೊಡೆಯೋಕೆ ಎಷ್ಟು ಪ್ರಮಾಣ ಅಂತ ಲೇಬಲ್‌ನಲ್ಲಿ ಬರೆದಿಲ್ದಿದ್ರೆ ದಯವಿಟ್ಟು ನನ್ನಂಗೆ ಅಂದಾಜಲ್ಲಿ ಕಲಸ್ಬೇಡಿ. ಗಾಳಿ ಇದ್ರಂತೂ ಆ ಸಣ್ಣ ಹನಿ ಪಕ್ಕದ ತೋಟಕ್ಕೂ ಹೋಗುತ್ತೆ, ನಮ್ಮ ಮುಖಕ್ಕೂ ಬರುತ್ತೆ. ಭಾರ, ಸದ್ದು ಬೇರೆ.

ಬ್ಯಾಟರಿ ಪಂಪಲ್ಲಿ ನನಗೆ ಹಿಡಿಸಿದ್ದು ಒಂದು ಕೈ ಖಾಲಿ ಇರೋದು. ಎಡಗೈಲಿ ಕೊಂಬೆ ಎತ್ತಿ, ಬಲಗೈಲಿ ಲ್ಯಾನ್ಸ್ (ಕೈಲಿ ಹಿಡಿಯೋ ಉದ್ದ ಕೊಳವೆ) ಕೆಳಗಿಂದ ಮೇಲಕ್ಕೆ ತಿರುಗಿಸಿ ಎಲೆ ಅಡಿಗೆ ಹೊಡೀಬಹುದು, ನುಸಿ, ಹಿಟ್ಟುತಿಗಣೆ ಅಡಗಿರೋದೇ ಅಲ್ಲಿ. ಕೊಳವೆ ತುದಿಗೆ ಉಂಗುರದ ಥರ ಚಿಮ್ಮೋ ಹಾಲೋ ಕೋನ್ ನಾಜಲ್ ಹಾಕಿ, ಕಳೆಗೆ ಹೊಡೆಯೋ, ಬೀಸಣಿಗೆ ಥರ ಚಪ್ಪಟೆಯಾಗಿ ಚಿಮ್ಮೋ ಫ್ಲಾಟ್ ಫ್ಯಾನ್ ಬೇಡ. ಚಾರ್ಜ್ ಇಳಿದ್ರೆ ಇದ್ರಲ್ಲೂ ಹನಿ ದಪ್ಪ ಆಗುತ್ತೆ, ಆಗ ನಿಲ್ಲಿಸ್ಬಿಡ್ಬೇಕು. ಶಿಲೀಂಧ್ರ ರೋಗಕ್ಕೆ ಬಳಸೋ ಬೋರ್ಡೋ ದ್ರಾವಣ ಹೊಡೆಯೋವಾಗ, ಅಂದ್ರೆ 100 ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಸುಣ್ಣದ ನೀರು ಬಟ್ಟೇಲಿ ಸೋಸ್ದೆ ಹಾಕಿದ್ರೆ ನಾಜಲ್ ಕಟ್ಕೊಳ್ಳುತ್ತೆ.

ಎತ್ತರದ ಮಾವಿನ ಮರ ಇರೋರಿಗೆ ಈ ಮೂರೂ ಸಾಲಲ್ಲ, ಇಂಜಿನ್ ಪಂಪ್, ಉದ್ದ ಪೈಪ್, ದೂರಕ್ಕೆ ಚಿಮ್ಮೋ ಸ್ಪ್ರೇ ಗನ್ ಬೇಕು. ನನ್ನ ಬ್ಲೋವರ್ ತೊಳೆದು ಒಣಗಿಸಿ ಇಟ್ಟಿದೀನಿ, ಯಾರಾದ್ರೂ ಕೇಳಿದ್ರೆ ಕೊಟ್ಟು ಆ ದುಡ್ಡಲ್ಲಿ ಇನ್ನೊಂದು ಬ್ಯಾಟರಿ ತಗೋತೀನಿ.